‘ಫೋಟೋ ದೊಡ್ಡದಾಗಲ್ಲ’ ಅಂದಾಗ ಎಲ್ಲಿಂದ ಹುಡುಕಬೇಕು?

ಬಸವನಗುಡಿ ಕಡೆಯ ಒಂದು ಸಣ್ಣ ಸಂಗ್ರಹದ ಆನ್‌ಲೈನ್ ಚಿತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಳೆಯ ನಕ್ಷೆಗಳು, ಕಡತಗಳು, ಶಾಸನದ ಫೋಟೋಗಳು, ಒಂದಷ್ಟು ಹಳೆಯ ಅಚ್ಚಿನ ಪುಸ್ತಕಗಳು. ದೂರು ಮಾತ್ರ ಯಾವಾಗಲೂ ಒಂದೇ: ‘ಫೋಟೋ ದೊಡ್ಡದಾಗಲ್ಲ.’ ಅಷ್ಟೇ. ಯಾವ ಫೋಟೋ, ಯಾವ ಫೋನು, ಏನು ಒತ್ತಿದರು, ಒಂದೂ ಇರುವುದಿಲ್ಲ.

ಮೊದಮೊದಲು ನಾನು ಇಂಥ ದೂರು ಬಂದ ಕೂಡಲೇ ಸರ್ವರ್ ತೆರೆದು ಕೂರುತ್ತಿದ್ದೆ. ಅದು ತಪ್ಪು ಜಾಗ. ಈ ಎರಡು ಪದಗಳ ಒಳಗೆ ಬೇರೆ ಬೇರೆ ದೋಷಗಳು ಕೂತಿರುತ್ತವೆ. ಅವನ್ನು ಬಿಡಿಸುವ ಸಾಧನ ಸರ್ವರ್‌ನಲ್ಲಿಲ್ಲ, ಬಳಸಿದವರ ಹತ್ತಿರ ಇದೆ. ಅವರನ್ನು ಸರಿಯಾಗಿ ಕೇಳಬೇಕು, ಅಷ್ಟೇ. ಹೇಗೆ ಕೇಳಬೇಕು, ಕೇಳಿದ ಮೇಲೆ ಎಲ್ಲಿ ನೋಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮದೂ ಚಿತ್ರ ತೋರಿಸುವ ತಾಣವಾದರೆ ಉಪಯೋಗಕ್ಕೆ ಬರಬಹುದು.

ಒಂದೇ ಮಾತು, ಮೂರು ಕಾಯಿಲೆ

ಒಂದು ವಾರ ಮೂರು ಜನ ಹೆಚ್ಚುಕಡಿಮೆ ಇದೇ ಮಾತು ಬರೆದರು. ಮೂವರಿಗೂ ಫೋನ್ ಮಾಡಿದೆ.

ಮೊದಲನೆಯವಳು ಕಾಲೇಜು ಹುಡುಗಿ. ಬೆಂಗಳೂರಿನ ಹಳೆಯ ನಕ್ಷೆಯಲ್ಲಿ ಸಂಪಂಗಿ ಕೆರೆಯ ಹೆಸರು ಹುಡುಕುತ್ತಿದ್ದಳು. ಈಗ ಕಂಠೀರವ ಕ್ರೀಡಾಂಗಣ ಇರುವ ಜಾಗದಲ್ಲಿದ್ದ ಕೆರೆ. ನಕ್ಷೆಯ ಫೈಲ್ 10,000 × 8,000 ಪಿಕ್ಸೆಲ್ ಇದೆ. ‘ಪೂರ್ತಿ ಚಿತ್ರ’ ಒತ್ತಿದರೆ ಅವಳಿಗೆ ಸಿಕ್ಕಿದ್ದು 1,250 ಪಿಕ್ಸೆಲ್ ಅಗಲದ ಪ್ರಿವ್ಯೂ. ಅದನ್ನೇ ಎಳೆದು ದೊಡ್ಡದು ಮಾಡಿ, ಮಸುಕು ಮಸುಕಾಗಿದೆ ಅಂತ ಬೇಜಾರು ಮಾಡಿಕೊಂಡಿದ್ದಳು.

ಎರಡನೆಯವರು ಕಟ್ಟಡಗಳ ಡ್ರಾಯಿಂಗ್ ಮಾಡುವವರು. ಪರದೆಯ ಮೇಲೆ ನಕ್ಷೆ ಚೆನ್ನಾಗಿಯೇ ಕಾಣುತ್ತಿತ್ತು. ಪ್ರಿಂಟ್ ಹಾಕಿಸಲು ಸೇವ್ ಮಾಡಿದರೆ 256 × 256ರ ಒಂದು ಚೌಕ ಬಂತು. ಅದರಲ್ಲಿ ಧರ್ಮಾಂಬುಧಿ ಕೆರೆಯ ಒಂದು ದಡ ಮಾತ್ರ. ಅಂದರೆ ಈಗಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ಒಂದು ಮೂಲೆ ಅನ್ನಿ.

ಮೂರನೆಯವರು ಹನುಮಂತನಗರದ ನಿವೃತ್ತ ಮೇಷ್ಟ್ರು. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಬೆಂಗಳೂರು ಅನ್ನುವ ಹೆಸರಿರುವ ಆ ಹಳೆಯ ಶಾಸನದ ಫೋಟೋ ನೋಡುತ್ತಿದ್ದರು. ಫೋನಿನಲ್ಲಿ ಅವರ ಮಾತು ಅರ್ಥವಾಗಲಿಲ್ಲ. ಮನೆಗೇ ಹೋದೆ.

‘ನೋಡಪ್ಪಾ, ಇಲ್ಲಿಗೆ ಬಂದು ನಿಂತುಬಿಡುತ್ತೆ. ಇನ್ನೂ ಸ್ವಲ್ಪ ಹತ್ತಿರ ಬಾ ಅಂದರೆ ಬರಲ್ಲ’ ಅಂದರು. ಎರಡು ಬೆರಳಲ್ಲಿ ಮತ್ತೆ ಮತ್ತೆ ಹಿಗ್ಗಿಸಿ ತೋರಿಸಿದರು.

‘ಸಾರ್, ಇದು ಪೂರ್ತಿ ಬಂದಿದೆ. ಇದಕ್ಕಿಂತ ಜಾಸ್ತಿ ವಿವರ ಫೋಟೋದಲ್ಲೇ ಇಲ್ಲ.’

‘ವಿವರ ಇಲ್ಲದಿದ್ದರೆ ಹೋಗಲಿ, ಅಕ್ಷರ ದೊಡ್ಡದಾಗಬಾರದಾ? ನನ್ನ ಕಣ್ಣಿಗೆ ಬೇಕಲ್ಲಪ್ಪಾ.’

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಒಬ್ಬರಿಗೆ ಚಿತ್ರವೇ ಸಣ್ಣದು ಬಂದಿದೆ. ಇನ್ನೊಬ್ಬರಿಗೆ ಪೂರ್ತಿ ಬಂದಿದೆ, ಕೈಗೆ ಸಿಗುತ್ತಿಲ್ಲ. ಮತ್ತೊಬ್ಬರಿಗೆ ಎಲ್ಲ ಬಂದಿದೆ, ಕಣ್ಣಿಗೆ ಸಾಲುತ್ತಿಲ್ಲ. ಮೂವರೂ ಬರೆದದ್ದು ಒಂದೇ ಸಾಲು. ಮೊದಲಿನ ಹಾಗೆ ಸರ್ವರ್ ತೆರೆದು ಕೂತಿದ್ದರೆ ಒಬ್ಬರದು ಸರಿಹೋಗುತ್ತಿತ್ತು, ಉಳಿದಿಬ್ಬರಿಗೆ ‘ನಮ್ಮಲ್ಲಿ ಸರಿಯಾಗಿ ಕಾಣುತ್ತಿದೆ’ ಅಂತ ಉತ್ತರ ಹೋಗುತ್ತಿತ್ತು. ಆ ಉತ್ತರ ಓದಿದವರು ಮತ್ತೆ ಬರೆಯುವುದಿಲ್ಲ, ಅಲ್ವಾ?

ನಕ್ಷತ್ರ ಕೇಳಬೇಡಿ

ನಮ್ಮ ಹಳೆಯ ಫಾರಂನಲ್ಲಿ ‘ಚಿತ್ರ ವೀಕ್ಷಣೆ ತೃಪ್ತಿಕರವಾಗಿತ್ತೇ?’ ಅಂತ ಒಂದು ಪ್ರಶ್ನೆ, ಕೆಳಗೆ ಐದು ನಕ್ಷತ್ರ ಇತ್ತು. ಎರಡು ನಕ್ಷತ್ರ ಬಂದರೆ ನಾನು ಏನು ರಿಪೇರಿ ಮಾಡಲಿ? ತೆಗೆದುಹಾಕಿದೆ. ಈಗ ಮೂರು ಪ್ರಶ್ನೆ ಇವೆ.

ಏನು ನೋಡಲು ಅಥವಾ ಓದಲು ಬಂದಿರಿ? ಎಲ್ಲಿಗೆ ಬಂದು ನಿಂತಿತು? ಆಮೇಲೆ ನೀವೇನು ಮಾಡಿದಿರಿ?

ನನ್ನ ಅನುಭವದಲ್ಲಿ ಮೂರನೆಯದೇ ಚಿನ್ನ. ಜನ ಅಡ್ಡದಾರಿ ಹಿಡಿದ ಜಾಗದಲ್ಲೇ ದೋಷ ಇರುತ್ತದೆ. ‘ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿಕೊಂಡೆ’ ಅಂದರೆ ನೋಡಲು ಸಿಕ್ಕಿದೆ, ಇಳಿಸಿಕೊಳ್ಳಲು ಸಿಕ್ಕಿಲ್ಲ. ‘ತಮ್ಮನ ಲ್ಯಾಪ್‌ಟಾಪಿನಲ್ಲಿ ನೋಡಿದೆ, ಅಲ್ಲಿ ಸರಿ ಇತ್ತು’ ಅಂದರೆ ಫೋನಿನ ಕಡೆ ನೋಡಿ. ‘ಸುಮ್ನೆ ಬಿಟ್ಟೆ’ ಅಂದರೆ ಚಿತ್ರ ಬರಲು ತುಂಬಾ ಹೊತ್ತು ಹಿಡಿದಿರಬಹುದು.

ಪ್ರಶ್ನೆಯಲ್ಲಿ ‘ರೆಸಲ್ಯೂಷನ್’ ಅನ್ನುವ ಪದ ಬೇಡ. ಆ ಪದ ಗೊತ್ತಿದ್ದವರು ಮಾತ್ರ ಉತ್ತರ ಕೊಡುತ್ತಾರೆ. ನಿಮಗೆ ಬೇಕಾಗಿರುವುದು ಅದು ಗೊತ್ತಿಲ್ಲದವರ ಉತ್ತರ.

ಎಲ್ಲಿ ಕೇಳಬೇಕು ಅನ್ನುವುದೂ ಮುಖ್ಯ. ಪುಟ ತೆರೆದ ತಕ್ಷಣ ಎದುರಿಗೆ ಬಂದು ನಿಲ್ಲುವ ಡಬ್ಬಿಯನ್ನು ಜನ ಓದದೆ ಮುಚ್ಚುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ನಮ್ಮಲ್ಲಿ ಈಗ ಜೂಮ್ ಗುಂಡಿಯ ಪಕ್ಕದಲ್ಲೇ ‘ಇನ್ನೂ ದೊಡ್ಡದು ಬೇಕಿತ್ತಾ?’ ಅಂತ ಒಂದು ಸಾಲು ಇದೆ. ಜೂಮ್ ಕೊನೆ ಮುಟ್ಟಿದಾಗ ಮಾತ್ರ ಅದು ಕಾಣಿಸುತ್ತದೆ. ಸಿಟ್ಟು ಬಿಸಿಯಾಗಿರುವಾಗ ಬರೆದದ್ದರಲ್ಲಿ ವಿವರ ಇರುತ್ತದೆ.

ಬಳಸಿದವರು ಬರೆಯಲಾಗದ್ದನ್ನು ಫಾರಂ ತಾನೇ ಸೇರಿಸಬೇಕು: ಚಿತ್ರದ ಸಂಖ್ಯೆ, ಯಾವ ಬ್ರೌಸರ್, ಪರದೆಯ ಅಳತೆ, ಎಷ್ಟು ಜೂಮ್ ಆಗಿತ್ತು, ನಿಜವಾಗಿ ಬಂದ ಚಿತ್ರ ಎಷ್ಟು ಪಿಕ್ಸೆಲ್. ಕಳಿಸುವ ಮೊದಲು ಇವಿಷ್ಟನ್ನೂ ಅವರಿಗೆ ತೋರಿಸಿ. ಫೋನ್ ನಂಬರ್ ಕಡ್ಡಾಯ ಮಾಡಬೇಡಿ, ಕೇಳಿದರೆ ಯಾಕೆ ಅಂತ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಬಿಡಿ, ಅದು ಮರ್ಯಾದೆ ಕೂಡ.

ಸ್ಕ್ರೀನ್‌ಶಾಟ್ ಕೇಳುವುದಾದರೆ ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಮಸುಕು ಮೊದಲೇ ಇತ್ತಾ, ದಾರಿಯಲ್ಲಿ ಆಯಿತಾ ಗೊತ್ತಾಗುವುದಿಲ್ಲ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, ಆಗ ಇದ್ದ ಹಾಗೇ ಬರುತ್ತದೆ. ಇದು ಗೊತ್ತಾಗುವ ಮೊದಲು ಒಂದು ಇಡೀ ಮಧ್ಯಾಹ್ನ ಇಲ್ಲದ ದೋಷ ಹುಡುಕಿದ್ದೇನೆ.

ಬರೆಯುವವರಿಗಿಂತ ಬರೆಯದೆ ಹೋಗುವವರೇ ಜಾಸ್ತಿ. ಅವರ ಮಾತು ಸರ್ವರ್ ಲಾಗ್‌ನಲ್ಲಿ, ಅಂದರೆ ಬಂದುಹೋದ ಕೋರಿಕೆಗಳ ದಾಖಲೆಯಲ್ಲಿ, ಇರುತ್ತದೆ. ನಿಮ್ಮ ಸರ್ವರ್ ತಂತ್ರಾಂಶ ಎನ್‌ಜಿನ್ಎಕ್ಸ್ ಆಗಿದ್ದರೆ 499 ಅನ್ನುವ ಸಂಖ್ಯೆ ಹುಡುಕಿ. ಸರ್ವರ್ ಉತ್ತರ ಕೊಡುವ ಮೊದಲೇ ಆ ಕಡೆಯವರು ಮುಚ್ಚಿಕೊಂಡು ಹೋದರು ಅಂತ ಅದರ ಅರ್ಥ. ಒಂದೇ ಚಿತ್ರಕ್ಕೆ 499 ಸಾಲುಗಟ್ಟಿದ್ದರೆ ಅದು ಬರೆಯದೆ ಬಿಟ್ಟ ದೂರು.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2014ರಲ್ಲಿ ವಿಕಿಪೀಡಿಯಾದಲ್ಲಿ ಮೀಡಿಯಾ ವ್ಯೂವರ್ ಅನ್ನುವ ಚಿತ್ರ ತೋರಿಸುವ ಸಾಧನ ತಾನಾಗಿಯೇ ತೆರೆಯುವ ಹಾಗೆ ಬಂತು. ಚಿತ್ರ ಒತ್ತಿದರೆ ಅಲ್ಲೇ ಕಪ್ಪು ಹಿನ್ನೆಲೆಯಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಇಂಗ್ಲಿಷ್ ಮತ್ತು ಜರ್ಮನ್ ವಿಕಿಪೀಡಿಯಾದ ಸಂಪಾದಕರು ಅದನ್ನು ತಾನಾಗಿ ತೆರೆಯುವಂತೆ ಇಡಬೇಡಿ ಅಂತ ಮತ ಹಾಕಿದರು. ಚಿತ್ರ ಯಾರದು, ಯಾವ ಪರವಾನಗಿ ಅನ್ನುವ ಫೈಲ್ ಪುಟದ ವಿವರ ಕಣ್ಣಿಂದ ದೂರವಾಯಿತು ಅನ್ನುವುದು ಅವರ ದೂರುಗಳಲ್ಲಿ ಒಂದು. ಸುಮ್ಮನೆ ನೋಡಲು ಬಂದವರ ಬೇಕು ಬೇರೆ, ಚಿತ್ರ ತೆಗೆದುಕೊಂಡು ಕೆಲಸ ಮಾಡುವವರ ಬೇಕು ಬೇರೆ. ಇಬ್ಬರನ್ನೂ ಒಂದೇ ಪ್ರಶ್ನೆಯಲ್ಲಿ ಕೂರಿಸಬೇಡಿ.

ಕಣ್ಣಿನ ಡಾಕ್ಟರ ಪಟ

ಮೇಷ್ಟ್ರ ಮನೆಯಿಂದ ವಾಪಸ್ ಬರುವಾಗ ಹೊಳೆದದ್ದು ಇದು. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಅವರು ‘ಚೆನ್ನಾಗಿ ಕಾಣುತ್ತಾ?’ ಅಂತ ಕೇಳಿ ಬಿಡುವುದಿಲ್ಲ. ಗೋಡೆಯ ಪಟ ತೋರಿಸಿ ಯಾವ ಸಾಲಿನವರೆಗೆ ಓದುತ್ತೀರಿ ಅನ್ನುತ್ತಾರೆ. ನಾವೂ ಹಾಗೇ ಮಾಡಬಹುದಲ್ಲ.

10,000 × 8,000ರ ಬಿಳಿ ಚಿತ್ರ ಮಾಡಿದೆ. ಐದು ಸಾಲು ಅಕ್ಷರ. ಮೊದಲ ಸಾಲು 192 ಪಿಕ್ಸೆಲ್ ಎತ್ತರ, ಆಮೇಲೆ 96, 48, 24, ಕೊನೆಯದು 12. ಪ್ರತಿ ಸಾಲಿನಲ್ಲೂ ದ, ಧ, ಪ, ಫ, ಷ, ಬ, ಭ ಇವುಗಳನ್ನೇ ಕಲಸಿ ಹಾಕಿದೆ. ಕನ್ನಡದಲ್ಲಿ ದಕ್ಕೂ ಧಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿರುವ ಒಂದು ಸಣ್ಣ ಸೀಳು. ‘ಪ’ ಅಕ್ಷರದ ಹೊಟ್ಟೆಯೊಳಗೆ ಗೆರೆ ಎಳೆದರೆ ಷ. ಚಿತ್ರ ಕುಗ್ಗಿದಾಗ ಮೊದಲು ಸಾಯುವುದು ಈ ಸೀಳುಗಳೇ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗಲಾರದು.

ಪದ ಬರೆಯಬೇಡಿ. ಮೊದಲ ಪಟದಲ್ಲಿ ನಾನು ‘ಧಾರವಾಡ’ ಅಂತ ಹಾಕಿದ್ದೆ. ಎಷ್ಟು ಮಸುಕಾದರೂ ಎಲ್ಲರೂ ಓದಿಬಿಟ್ಟರು. ಓದಿದ್ದು ಕಣ್ಣಲ್ಲ, ಅಭ್ಯಾಸ. ಪಟವನ್ನು ನಡುವಿನಲ್ಲಿ ಒಂದು, ಬಲಗಡೆ ಕೆಳಮೂಲೆಯಲ್ಲಿ ಇನ್ನೊಂದು ಇಡಿ, ಯಾಕೆಂದರೆ ದೊಡ್ಡ ಚಿತ್ರ ತುಂಡು ತುಂಡಾಗಿ ಬರುತ್ತದೆ, ಕೆಲವೊಮ್ಮೆ ಮೂಲೆಯ ತುಂಡುಗಳೇ ಬರುವುದಿಲ್ಲ. ಮತ್ತೆ ಈ ಚಿತ್ರವೂ ಉಳಿದ ಚಿತ್ರಗಳ ದಾರಿಯಲ್ಲೇ ಹೋಗಬೇಕು. ಅದೇ ಸರ್ವರ್, ಪುಟದಲ್ಲಿ ಚಿತ್ರ ತೋರಿಸುವ ಅದೇ ವ್ಯೂವರ್. ಅದಕ್ಕೊಂದಕ್ಕೆ ವಿಶೇಷ ಉಪಚಾರ ಬೇಡ.

ಇನ್ನು ಲೆಕ್ಕ. ಕಾಲೇಜು ಹುಡುಗಿಗೆ ಪಟದ ಲಿಂಕ್ ಕಳಿಸಿದೆ. ಎರಡನೇ ಸಾಲು ಕಷ್ಟಪಟ್ಟು ಓದಿದಳು, ಮೂರನೆಯದು ಚುಕ್ಕೆ ಚುಕ್ಕೆ ಅಂದಳು. ಕಷ್ಟಪಟ್ಟು ಓದಲು ಸುಮಾರು 12 ಪಿಕ್ಸೆಲ್ ಎತ್ತರ ಬೇಕು ಅಂತ ಹಿಡಿದರೆ, 96 ಪಿಕ್ಸೆಲ್ ಅಕ್ಷರ ಅವಳಿಗೆ ಸುಮಾರು 12ಕ್ಕೆ ಇಳಿದಿದೆ. ಅಂದರೆ ಎಂಟು ಪಟ್ಟು ಕುಗ್ಗಿದೆ. 10,000ವನ್ನು ಎಂಟರಿಂದ ಭಾಗಿಸಿದರೆ 1,250. ನಮ್ಮ ಪ್ರಿವ್ಯೂ ಅಗಲ ಅದೇ. ಅವಳ ಲ್ಯಾಪ್‌ಟಾಪ್ ಮುಟ್ಟದೆ ಅವಳಿಗೆ ಯಾವ ಫೈಲ್ ಹೋಗಿದೆ ಅಂತ ಗೊತ್ತಾಯಿತು.

ಪಟದ ಐದೂ ಸಾಲು ಓದುತ್ತಾರೆ, ಆದರೆ ಅವರಿಗೆ ಬೇಕಾದ ಚಿತ್ರ ಓದಲಾಗುತ್ತಿಲ್ಲ ಅಂದರೆ ವ್ಯೂವರ್ ಬಿಟ್ಟುಬಿಡಿ. ಆ ಚಿತ್ರದ ಫೈಲನ್ನೇ ನೋಡಿ. ಸ್ಕ್ಯಾನ್ ಮಾಡುವಾಗಲೇ ಫೋಕಸ್ ತಪ್ಪಿರಬಹುದು. ಹಾಗಿದ್ದರೆ ಮತ್ತೆ ಸ್ಕ್ಯಾನ್ ಮಾಡುವುದೊಂದೇ ದಾರಿ.

ಚಿತ್ರವೇ ಸಣ್ಣದು ಬಂದಿದ್ದರೆ

ಕಂಪ್ಯೂಟರಿನಲ್ಲಿರುವವರಿಗೆ ಒಂದು ಸುಲಭದ ಉಪಾಯ ಹೇಳಿ. ಚಿತ್ರವನ್ನು ಹೊಸ ಟ್ಯಾಬ್‌ನಲ್ಲಿ ತೆರೆದರೆ ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಟ್ಯಾಬ್‌ನ ಹೆಸರಿನಲ್ಲೇ ಅಗಲ, ಎತ್ತರ ಬರುತ್ತದೆ. ಅದನ್ನು ಓದಿ ಹೇಳಿದರೆ ಸಾಕು.

ನಮ್ಮ ಹುಡುಗಿಯ ಪ್ರಕರಣದಲ್ಲಿ ಕಾರಣ ಒಂದೇ ಒಂದು ಪದ. ಗ್ರಂಥಾಲಯಗಳು, ಸಂಗ್ರಹಾಲಯಗಳು ಚಿತ್ರ ಹಂಚಲು ಟ್ರಿಪಲ್ ಐ ಎಫ್ ಅನ್ನುವ ನಿಯಮ ಬಳಸುತ್ತವೆ. ಅದರಲ್ಲಿ ಚಿತ್ರದ ವಿಳಾಸದಲ್ಲೇ ಯಾವ ಭಾಗ ಬೇಕು, ಎಷ್ಟು ಅಳತೆ ಬೇಕು ಅಂತ ಬರೆಯಬೇಕು. ಹಳೆಯ 2ನೇ ಆವೃತ್ತಿಯಲ್ಲಿ ಎರಡೂ ಜಾಗದಲ್ಲಿ ‘ಫುಲ್’ ಅಂತ ಬರೆದರೆ ಪೂರ್ತಿ ಚಿತ್ರ ಸಿಗುತ್ತಿತ್ತು. 2020ರ 3.0 ಆವೃತ್ತಿಯಲ್ಲಿ ಅಳತೆಯ ಜಾಗದಿಂದ ‘ಫುಲ್’ ತೆಗೆದು ‘ಮ್ಯಾಕ್ಸ್’ ಉಳಿಸಿದರು. ಭಾಗದ ಜಾಗದಲ್ಲಿ ‘ಫುಲ್’ ಹಾಗೇ ಇದೆ. ಗೊಂದಲ ಆಗುವುದು ಅಲ್ಲೇ. ನಾವು ಸರ್ವರನ್ನು ಹೊಸದಕ್ಕೆ ಏರಿಸಿದ್ದೆವು, ‘ಪೂರ್ತಿ ಚಿತ್ರ’ ಗುಂಡಿಯ ಕೊಂಡಿ ಹಳೆಯದೇ ಇತ್ತು. ಸರ್ವರ್ 400, ಅಂದರೆ ‘ಕೋರಿಕೆಯೇ ತಪ್ಪು’, ಅನ್ನುತ್ತಿತ್ತು. ನಮ್ಮ ಪುಟ ಆ ತಪ್ಪನ್ನು ಮುಚ್ಚಿಟ್ಟು ಪ್ರಿವ್ಯೂ ತೋರಿಸುತ್ತಿತ್ತು.

ಈ ಮುಚ್ಚಿಡುವುದಕ್ಕೆ ನನ್ನ ವಿರೋಧ ಇದೆ. ‘ಪೂರ್ತಿ ಚಿತ್ರ ತರಲಾಗಲಿಲ್ಲ, ಇದು ಪ್ರಿವ್ಯೂ’ ಅಂತ ಒಂದು ಸಾಲು ಇದ್ದಿದ್ದರೆ ದೂರು ಮೊದಲ ದಿನವೇ ಬರುತ್ತಿತ್ತು, ಅದೂ ಸರಿಯಾದ ಮಾತಿನಲ್ಲಿ. ಈಗ ಹಾಕಿದ್ದೇವೆ.

ಪದ ಸರಿ ಇದ್ದೂ ಸಣ್ಣದು ಬಂದರೆ ಆ ಚಿತ್ರದ ಅಳತೆ, ಮಿತಿ ಬರೆದಿಡುವ ಇನ್ಫೋ ಡಾಟ್ ಜೇಸನ್ ಫೈಲ್ ತೆರೆದು ನೋಡಿ. ಅದರಲ್ಲಿ ಗರಿಷ್ಠ ಅಗಲದ ಮಿತಿ ಬರೆದಿದ್ದರೆ ‘ಮ್ಯಾಕ್ಸ್’ ಅಂದರೂ ಅಷ್ಟೇ ಬರುತ್ತದೆ. ಯಾರೋ ಯಾವಾಗಲೋ ಸರ್ವರ್ ಹೊರೆ ಇಳಿಸಲು ಹಾಕಿ ಮರೆತಿರುತ್ತಾರೆ. ನಮ್ಮಲ್ಲಿ ಆ ‘ಯಾರೋ’ ನಾನೇ.

ಕಡತಗಳ ಕಥೆ ಬೇರೆ. ಈಗ ಕಡತ ಅಂದರೆ ಆಫೀಸಿನ ಫೈಲ್, ಕಂಪ್ಯೂಟರಿನ ಫೈಲ್. ಮೂಲ ಕಡತ ಹುಣಸೆ ಬೀಜದ ಸರಿಗೆ ಇದ್ದಿಲು ಸೇರಿಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ ಇಟ್ಟದ್ದು. ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬಿಡಿಸಿದರೆ ಉದ್ದಕ್ಕೆ ಹೋಗುತ್ತದೆ. ಭಾಗ ಭಾಗವಾಗಿ ತೆಗೆದು ಜೋಡಿಸಿದ ನಮ್ಮ ಒಂದು ಚಿತ್ರ 20,000 ಪಿಕ್ಸೆಲ್ ದಾಟಿತ್ತು. ಅದೊಂದೇ ಚಿತ್ರಕ್ಕೆ ಪೂರ್ತಿ ಗಾತ್ರ ಸಿಗುತ್ತಿರಲಿಲ್ಲ. ನಾವು ಎಲ್ಲವನ್ನೂ ವೆಬ್‌ಪಿ ಅನ್ನುವ ಚಿತ್ರದ ನಮೂನೆಗೆ ಬದಲಿಸುತ್ತಿದ್ದೆವು. ವೆಬ್‌ಪಿಯಲ್ಲಿ ಒಂದು ಬದಿ 16,383 ಪಿಕ್ಸೆಲ್ ದಾಟುವಂತಿಲ್ಲ. ಜೆಪೆಗ್‌ನಲ್ಲಿ 65,535ರವರೆಗೆ ಹೋಗಬಹುದು. ಉದ್ದದ ಚಿತ್ರಗಳನ್ನು ಜೆಪೆಗ್‌ನಲ್ಲೇ ಬಿಟ್ಟೆವು, ಸರಿಹೋಯಿತು. ‘ಈ ಒಂದು ಚಿತ್ರ ಮಾತ್ರ’ ಅಂತ ದೂರು ಬಂದರೆ ಮೊದಲು ಅದರ ಉದ್ದ ನೋಡಿ.

ಇನ್ನೊಂದು: ಚಿತ್ರ ಬದಲಿಸಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ಕ್ಯಾಶ್, ಅಂದರೆ ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪ್ರತಿ. ಖಾಸಗಿ ಕಿಟಕಿಯಲ್ಲಿ ತೆರೆದು ನೋಡಲು ಹೇಳಿ.

ಕಾಣುತ್ತದೆ, ಕೈಗೆ ಸಿಗುವುದಿಲ್ಲ

ಡ್ರಾಯಿಂಗ್ ಮಾಡುವವರ ಚೌಕದ ಗುಟ್ಟು ಇದು. ವ್ಯೂವರ್ ದೊಡ್ಡ ಚಿತ್ರವನ್ನು ಒಟ್ಟಿಗೆ ತರುವುದಿಲ್ಲ. ನೆಲಕ್ಕೆ ಟೈಲ್ಸ್ ಹಾಕಿದ ಹಾಗೆ ತುಂಡು ತುಂಡಾಗಿ ತಂದು ಜೋಡಿಸುತ್ತದೆ. 256ರ ಚೌಕವಾದರೆ ನಮ್ಮ ನಕ್ಷೆಯ ಪೂರ್ತಿ ಗಾತ್ರಕ್ಕೆ 40 × 32, ಅಂದರೆ 1,280 ತುಂಡು. ನೀವು ನೋಡುತ್ತಿರುವ ಭಾಗದ ತುಂಡು ಮಾತ್ರ ಬರುತ್ತದೆ. ಪುಟಕ್ಕೆ ಏನೇನು ಬಂತು ಅಂತ ತೋರಿಸುವ ಬ್ರೌಸರಿನ ಡೆವಲಪರ್ ಸಾಧನ ತೆರೆದು ಅಲ್ಲಿಂದ ಉಳಿಸಿದರೆ ಸಿಗುವುದು ಒಂದು ಟೈಲು. ಮನೆ ಸಿಗುವುದಿಲ್ಲ.

ಎಲ್ಲವನ್ನೂ ಜೋಡಿಸಿ ಬ್ರೌಸರಿನಲ್ಲೇ ಕೊಡೋಣ ಅಂತ ಒಮ್ಮೆ ಹೊರಟೆ. 10,000 × 8,000 ಅಂದರೆ 8 ಕೋಟಿ ಪಿಕ್ಸೆಲ್. ಒಂದಕ್ಕೆ 4 ಬೈಟ್ ಹಿಡಿದರೆ 320 ಎಂಬಿ ಮೆಮೊರಿ. ಲ್ಯಾಪ್‌ಟಾಪ್ ತಡೆದುಕೊಂಡಿತು. ಐಫೋನಿನ ಸಫಾರಿಯಲ್ಲಿ ಬಹಳ ವರ್ಷ ಕ್ಯಾನ್ವಾಸ್‌ಗೆ, ಅಂದರೆ ಪುಟದೊಳಗೆ ಚಿತ್ರ ಬಿಡಿಸುವ ಜಾಗಕ್ಕೆ, 1,67,77,216 ಪಿಕ್ಸೆಲ್ ಮಿತಿ ಇತ್ತು, ಅಂದರೆ 4,096 × 4,096. ಅದರ ಮೇಲೆ ಹೋದರೆ ಖಾಲಿ ಚಿತ್ರ. ಆ ಉಪಾಯ ಬಿಟ್ಟೆ.

ಈಗ ಪ್ರತ್ಯೇಕ ಗುಂಡಿ ಇದೆ: ‘ಮೂಲ ಫೈಲ್ ಇಳಿಸಿಕೊಳ್ಳಿ’. ಪಕ್ಕದಲ್ಲೇ ಎಷ್ಟು ಪಿಕ್ಸೆಲ್, ಎಷ್ಟು ಎಂಬಿ ಅಂತ ಬರೆದಿದೆ. ದಿನದ ಡೇಟಾ ಮುಗಿಯುವ ಹೊತ್ತಿಗೆ ಬಸ್ಸಿನಲ್ಲಿ ಕೂತು ಒತ್ತುವವರಿಗೆ ಎಂಬಿ ಗೊತ್ತಿರಬೇಕು. ಗುಂಡಿಗೆ ‘ಡೌನ್‌ಲೋಡ್’ ಅಂತಷ್ಟೇ ಬರೆದಿದ್ದಾಗ ಜನ ಪ್ರಿವ್ಯೂ ಇಳಿಯುತ್ತದೋ ಮೂಲ ಇಳಿಯುತ್ತದೋ ಗೊತ್ತಾಗದೆ ಎರಡು ಸಲ ಒತ್ತುತ್ತಿದ್ದರು.

‘ನನಗೆ ಬಂತು, ಗೆಳೆಯನಿಗೆ ಕೊಂಡಿ ಕಳಿಸಿದರೆ ಅವನಿಗೆ ಬರಲ್ಲ’ ಅನ್ನುವ ದೂರು ಬಂದರೆ ಲಾಗ್‌ನಲ್ಲಿ 403 ಹುಡುಕಿ, ‘ಅನುಮತಿ ಇಲ್ಲ’ ಅಂತ ಅದರ ಅರ್ಥ. ಬೇರೆ ತಾಣದವರು ಚಿತ್ರ ಎಳೆಯಬಾರದು ಅಂತ, ನಮ್ಮ ಪುಟದಿಂದ ಬಂದ ಕೋರಿಕೆಗೆ ಮಾತ್ರ ಉತ್ತರ ಕೊಡುವ ಕಾವಲು ಹಾಕಿರುತ್ತೇವೆ. ಚಾಟ್‌ನಿಂದ ನೇರವಾಗಿ ಒತ್ತಿದವರು ಆ ಕಾವಲಿಗೆ ಕಳ್ಳರ ಹಾಗೆ ಕಾಣುತ್ತಾರೆ. ಕಾವಲು ಸಡಿಲಿಸಿ, ಅಥವಾ ಹಂಚಲು ಪುಟದ ಕೊಂಡಿಯನ್ನೇ ಕೊಡಿ.

ಅರ್ಧ ಚಿತ್ರ ಚೆನ್ನಾಗಿ ಬಂದು ಉಳಿದರ್ಧ ಮಸುಕಾಗಿದ್ದರೆ ಕೆಲವು ತುಂಡು ಬಂದಿಲ್ಲ ಅಷ್ಟೇ. ಪುಟ ಮತ್ತೆ ತೆರೆಸಿ. ಅದೇ ಜಾಗದಲ್ಲಿ ಮತ್ತೆ ಮಸುಕಾದರೆ ತುಂಡು ಸರ್ವರಿನಲ್ಲೇ ಹಾಳಾಗಿರಬಹುದು. ಜಾಗ ಬದಲಾಗುತ್ತಿದ್ದರೆ ಅವರ ನೆಟ್‌ವರ್ಕ್.

ಮೇಷ್ಟ್ರ ಕಣ್ಣು

ಕೊನೆಯದಕ್ಕೆ ಎರಡೇ ನಿಮಿಷದ ಕೆಲಸ ಇತ್ತು. ನಾವು ಬಳಸುವ ಓಪನ್‌ಸೀಡ್ರ್ಯಾಗನ್ ಅನ್ನುವ ವ್ಯೂವರ್‌ನಲ್ಲಿ ಚಿತ್ರದ ಒಂದು ಪಿಕ್ಸೆಲನ್ನು ಪರದೆಯ ಮೇಲೆ ಎಷ್ಟರವರೆಗೆ ಹಿಗ್ಗಿಸಬಹುದು ಅಂತ ಒಂದು ಸಂಖ್ಯೆ ಇದೆ. ನಾವು ಏನೂ ಹೇಳದಿದ್ದರೆ ಅದು 1.1. ತಯಾರಿಸಿದವರ ಲೆಕ್ಕ ಸರಿಯೇ, ಅದರಾಚೆ ಹೊಸ ವಿವರ ಇಲ್ಲ, ಬರೀ ಮಸುಕು. ಆದರೆ ಮಸುಕಾದ ದೊಡ್ಡ ಅಕ್ಷರ ಓದಬಲ್ಲವರಿದ್ದಾರೆ, ಸ್ಪಷ್ಟವಾದ ಸಣ್ಣ ಅಕ್ಷರ ಓದಲಾಗದವರಿದ್ದಾರೆ. 4ಕ್ಕೆ ಏರಿಸಿದೆ. ಸರ್ವರ್ ಲಾಗ್ ಎಷ್ಟು ಜಾಲಾಡಿದರೂ ಈ ದೋಷ ಸಿಗುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲವೂ 200, ಅಂದರೆ ‘ಸರಿಯಾಗಿ ಕಳಿಸಿದೆ’.

ಸರಿಮಾಡಿದ ಮೇಲೆ ನಿಮ್ಮ ಕಂಪ್ಯೂಟರಿನಲ್ಲಿ ನೋಡಿ ‘ಆಯಿತು’ ಅನ್ನಬೇಡಿ. ದೂರು ಕೊಟ್ಟವರ ಹತ್ತಿರವೇ ಹೋಗಿ, ಅದೇ ಫೋನು, ಅದೇ ಚಿತ್ರ. ನಾನು ಮತ್ತೆ ಹನುಮಂತನಗರಕ್ಕೆ ಹೋದೆ. ಮೊದಲು ಪಟ ತೆರೆದುಕೊಟ್ಟೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಐದನೇ ಸಾಲನ್ನು ಬೆರಳಲ್ಲಿ ಸರಿಸುತ್ತಾ ಒಂದೊಂದೇ ಓದಿದರು. ‘ಧ... ಪ... ಇದು ಹೊಟ್ಟೆ ಸೀಳಿದ ಷ... ಭ...’ ಒಂದೂ ತಪ್ಪಲಿಲ್ಲ.

‘ಇದಕ್ಕಿಂತ ಸಣ್ಣದು ಹಾಕಿಲ್ವೇನಪ್ಪಾ?’ ಅಂದರು.